ಚೌತಿಗೆ ಊರಿಗೆ: ರೈಲಾ, ಬಸ್ಸಾ, ವಿಮಾನಾ?

2026ರ ಗಣೇಶ ಚೌತಿ ಬರುವುದು ಸೆಪ್ಟೆಂಬರ್ 14, ಸೋಮವಾರ. ಹಿಂದಿನ ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ ಒಟ್ಟಿಗೆ ಸಿಗುತ್ತದೆ. ಹಾಗಾಗಿ ಮುಂಬೈ ಸುತ್ತಿನ ಮಾಟುಂಗಾ, ಮುಲುಂಡ್, ಡೊಂಬಿವಲಿ, ಮೀರಾ ರೋಡ್ ಎಲ್ಲ ಕಡೆಯೂ ಕರ್ನಾಟಕ ಕರಾವಳಿಯವರ ಮನೆಗಳಲ್ಲಿ ಒಂದೇ ಮಾತು. ಟಿಕೆಟ್ ಆಯ್ತಾ? ಯಾವುದರಲ್ಲಿ ಹೋಗ್ತೀರಿ?

ವಿಮಾನದಲ್ಲಿ ಒಂದೂವರೆ ಗಂಟೆ, ಸುಮ್ನೆ ರೈಲಲ್ಲಿ ರಾತ್ರಿ ಕಳೆಯೋದು ಯಾಕೆ ಅನ್ನುವವರಿದ್ದಾರೆ. ಬಸ್ಸಾದರೆ ಮನೆಯ ಗೇಟಿನ ಹತ್ತಿರವೇ ಇಳಿಸುತ್ತದೆ ಅನ್ನುವವರೂ ಇದ್ದಾರೆ. ಇನ್ನು ಕೆಲವರು ಮುಂಬೈಯಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧಾ ರೈಲು ಬಿಟ್ಟು ಬೇರೇನೂ ಹತ್ತುವುದಿಲ್ಲ. ಅವರವರ ಮನೆಯಿಂದ ನೋಡಿದರೆ ಮೂವರ ಮಾತೂ ಸರಿಯೇ. ಟಿಕೆಟ್ಟಿನ ಮೇಲಿರುವ ಗಂಟೆ ಮತ್ತು ಬೆಲೆಯನ್ನಷ್ಟೇ ಇಟ್ಟುಕೊಂಡು ಹೋಲಿಸಲು ಹೋದಾಗ ಮಾತ್ರ ಲೆಕ್ಕ ತಪ್ಪುತ್ತದೆ.

## ಬಾಗಿಲಿಂದ ಬಾಗಿಲಿಗೆ

ಡೊಂಬಿವಲಿಯಲ್ಲಿರುವ ಒಂದು ಮನೆಯವರು ಕುಂದಾಪುರಕ್ಕೆ ಹೊರಟಿದ್ದಾರೆ ಅಂದುಕೊಳ್ಳಿ. ವಿಮಾನವಾದರೆ ಮುಂಬೈ ಏರ್‌ಪೋರ್ಟ್ ತಲುಪಲು ಟ್ಯಾಕ್ಸಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕು. ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು. ಹಾರಾಟ ಒಂದೂವರೆ ಗಂಟೆ. ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿದು ಬ್ಯಾಗ್ ಬರುವ ಹೊತ್ತಿಗೆ ಇನ್ನೊಂದು ಅರ್ಧ ಗಂಟೆ. ಅಲ್ಲಿಂದ ಕುಂದಾಪುರ ಸುಮಾರು 95 ಕಿ.ಮೀ., ಎರಡು ಗಂಟೆಯ ದಾರಿ. ಎಲ್ಲ ಕೂಡಿದರೆ ಹತ್ತಿರ ಹತ್ತಿರ ಎಂಟು ಗಂಟೆ, ಮೇಲೆ ಎರಡು ಕಡೆಯ ಟ್ಯಾಕ್ಸಿ ಖರ್ಚು.

ಅದೇ ಮನೆಯವರು ರೈಲಿಗೆ ಹೋದರೆ ಲೋಕಲ್ ಹಿಡಿದು ಠಾಣೆಗೆ ಬಂದರೆ ಸಾಕು. ಮತ್ಸ್ಯಗಂಧಾ ಕುರ್ಲಾ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಟು ಠಾಣೆಯಲ್ಲೂ ನಿಲ್ಲುತ್ತದೆ. ಮರುದಿನ ಬೆಳಗ್ಗೆ ಕುಂದಾಪುರ. ಗಂಟೆ ಲೆಕ್ಕದಲ್ಲಿ ವಿಮಾನಕ್ಕಿಂತ ಜಾಸ್ತಿಯೇ. ಆದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಮಲಗಿ ಕಳೆಯಬಹುದು, ಹಗಲು ಹಾಳಾಗುವುದಿಲ್ಲ.

ಈಗ ಅಂಧೇರಿಯಲ್ಲಿ ಇರುವವರನ್ನು ನೋಡಿ, ಊರು ಮಂಗಳೂರಿನ ಕಾವೂರು. ಅವರಿಗೆ ಎರಡೂ ಕಡೆ ಏರ್‌ಪೋರ್ಟ್ ಹತ್ತಿರ. ಅವರ ಲೆಕ್ಕ ಐದು ಗಂಟೆಗೇ ಮುಗಿಯುತ್ತದೆ. ಅದೇ ವಿಮಾನ, ಅದೇ ಟಿಕೆಟ್, ಆದರೆ ಉತ್ತರ ಬೇರೆ.

## ಮಳೆಗಾಲದಲ್ಲಿ ರೈಲು ಯಾಕೆ ನಿಧಾನ

ಚೌತಿ ಬರುವುದು ಮಳೆಗಾಲದ ಒಳಗೆ. ಕೊಂಕಣ ರೈಲ್ವೆಯಲ್ಲಿ ಆಗ ಬೇರೆಯದೇ ವೇಳಾಪಟ್ಟಿ ಇರುತ್ತದೆ. ಹಲವು ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರ ತನಕ ಇತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಈ ಅವಧಿಯಲ್ಲಿ ರೈಲುಗಳ ವೇಗ ತಗ್ಗುತ್ತದೆ, ಕೆಲವು ರೈಲುಗಳು ಹೊರಡುವ ಹೊತ್ತೂ ಬದಲಾಗುತ್ತದೆ. ಬೇಸಿಗೆಯ ಟೈಮ್‌ಟೇಬಲ್ ನೋಡಿ "ಅಣ್ಣನ ಕಾರು ಇಷ್ಟು ಗಂಟೆಗೆ ಸ್ಟೇಶನ್ನಿಗೆ ಬರಲಿ" ಅಂತ ಹೇಳಿಬಿಟ್ಟರೆ ಪಾಪ, ಅಣ್ಣ ಅಲ್ಲಿ ಕಾಯುತ್ತಾ ಕೂರಬೇಕು.

ಯಾಕೆ ಹೀಗೆ? ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನ ತನಕ ಸುಮಾರು 740 ಕಿ.ಮೀ. ಉದ್ದದ ಈ ದಾರಿ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಘಟ್ಟದ ಕಾಲುಗಳನ್ನು ಕಡಿದು, ಹೊಳೆಗಳನ್ನು ದಾಟಿಸಿ ಹಾಕಿದ ಹಳಿ ಇದು. ಸುರಂಗಗಳೇ 90ಕ್ಕೂ ಹೆಚ್ಚು. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ 6.5 ಕಿ.ಮೀ. ಉದ್ದ ಇದೆ. ಗುಡ್ಡ ಕಡಿದ ಜಾಗದಲ್ಲಿ ಹಳಿಯ ಎರಡೂ ಪಕ್ಕ ಮಣ್ಣಿನ ಗೋಡೆ. ಜೋರು ಮಳೆಗೆ ಅದು ಸಡಿಲವಾಗಿ ಜಾರುತ್ತದೆ.

2003ರ ಜೂನಿನಲ್ಲಿ ವೈಭವವಾಡಿ ಹತ್ತಿರ ಗುಡ್ಡ ಕುಸಿದು, ಕಾರವಾರದಿಂದ ಮುಂಬೈಗೆ ಬರುತ್ತಿದ್ದ ರಜಾ ಸ್ಪೆಶಲ್ ಹಳಿ ತಪ್ಪಿತು. ಸುಮಾರು 50 ಜನ ಸತ್ತರು. ಮರುವರ್ಷ ಜೂನಿನಲ್ಲೇ ಮಹಾಡ್ ಹತ್ತಿರ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸೇ ಹಳಿ ತಪ್ಪಿ ಸೇತುವೆಯಿಂದ ಬಿತ್ತು. ಮುಂಬೈಯ ಕನ್ನಡ, ತುಳು ಮನೆಗಳಲ್ಲಿ ಆ ಎರಡು ವರ್ಷಗಳನ್ನು ಮರೆಯದವರು ಇನ್ನೂ ಇದ್ದಾರೆ. ಆಮೇಲೆ ಇಳಿಜಾರುಗಳಿಗೆ ಬಲೆ ಹಾಕುವುದು, ಬಂಡೆ ತೆಗೆಯುವುದು, ಹಳಿಯ ಉದ್ದಕ್ಕೂ ರಾತ್ರಿ ಹಗಲು ಗಸ್ತು, ಸೇತುವೆಗಳ ಮೇಲೆ ಗಾಳಿ ಅಳೆಯುವ ಯಂತ್ರ, ಇವೆಲ್ಲ ಹೆಚ್ಚಾದವು. ಮಳೆ ಜೋರಾಗಿ ಮುಂದಿನದು ಕಾಣದೇ ಹೋದರೆ ಗಂಟೆಗೆ 40 ಕಿ.ಮೀ. ಮೀರಬೇಡಿ ಅಂತ ಚಾಲಕರಿಗೆ ಆದೇಶವೇ ಇದೆ. ಹಾಗಾಗಿ ರೈಲು ನಿಧಾನವಾಗಿದ್ದರೆ ಬೈಯುವ ಮೊದಲು ಇದು ನೆನಪಿರಲಿ.

ಇನ್ನೊಂದು ಕಾರಣ ಬೇಸಿಗೆಯಲ್ಲೂ ಇದೆ. ರೋಹಾದಿಂದ ವೀರ್ ತನಕದ 47 ಕಿ.ಮೀ. ಸುಮಾರು ಜಾಗ 2021ರಲ್ಲಿ ಜೋಡಿ ಹಳಿ ಆಯಿತು. ಉಳಿದ ದಾರಿ ಹೆಚ್ಚುಕಡಿಮೆ ಒಂಟಿ ಹಳಿಯೇ. ಹಳೆಯ ಚಾಳಿನ ಮರದ ಮೆಟ್ಟಿಲು ನೋಡಿದ್ದೀರಲ್ವಾ? ಮೇಲಿಂದ ಒಬ್ಬರು ಬಕೆಟ್ ಹಿಡಿದು ಇಳಿಯುತ್ತಿದ್ದರೆ ಹತ್ತುವವರು ತಿರುವಿನಲ್ಲಿ ಸರಿದು ನಿಲ್ಲಬೇಕು. ಇಲ್ಲೂ ಅಷ್ಟೇ, ಎದುರಿನ ರೈಲು ದಾಟುವ ತನಕ ಒಂದು ರೈಲು ಸ್ಟೇಶನ್ನಿನ ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಒಂದು ರೈಲು ತಡವಾದರೆ ಅದರ ಕ್ರಾಸಿಂಗ್‌ಗೆ ಕಾದವರೂ ತಡ, ಅವರಿಗಾಗಿ ಕಾದವರೂ ತಡ. ಚೌತಿಗೆ ಗಣಪತಿ ಸ್ಪೆಶಲ್ ರೈಲುಗಳೂ ಇದೇ ಒಂದು ಹಳಿಗೆ ಬಂದು ಸೇರುತ್ತವೆ.

ದಾರಿ ಪೂರ್ತಿ ಮುಚ್ಚುವುದೂ ಉಂಟು. 2024ರ ಜುಲೈಯಲ್ಲಿ ಗೋವಾದ ಪೆರ್ನೆಮ್ ಸುರಂಗದೊಳಗೆ ನೀರು ಉಕ್ಕಿ ಸಂಚಾರ ನಿಂತಿತ್ತು. ಅದಾದ ಕೆಲವೇ ದಿನಕ್ಕೆ ಖೇಡ್ ಹತ್ತಿರ ಮಣ್ಣು ಜಾರಿತು. ಹೀಗಾದಾಗ ಕೆಲವು ರೈಲುಗಳನ್ನು ಪುಣೆ, ಮೀರಜ್, ಲೋಂಡಾ ಕಡೆಯಿಂದ ಸುತ್ತಿಸಿ ಮಡಗಾಂವಿಗೆ ತರುತ್ತಾರೆ. ಹೊರಡುವ ದಿನ ಬೆಳಗ್ಗೆ ರೈಲು ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ನೀವು ಹತ್ತುವ ಮತ್ಸ್ಯಗಂಧಾ ಅಂದರೆ ಊರಿಂದ ಬಂದ ರೈಲೇ ವಾಪಸ್ ಹೋಗುವುದು, ಅದು ತಡವಾದರೆ ನಿಮ್ಮದೂ ತಡವಾಗಬಹುದು.

ಟಿಕೆಟ್ ಬೆಲೆಯ ಬಗ್ಗೆ ಒಂದು ಮಾತು. ಮುಂಬೈಯಿಂದ ಮಡಗಾಂವಿಗೆ ಹಳಿಯ ಮೇಲಿನ ನಿಜವಾದ ದೂರ 600 ಕಿ.ಮೀ. ಒಳಗೆ. ಆದರೆ ಟಿಕೆಟ್ಟಿನಲ್ಲಿ 765 ಅಂತ ಕಾಣುತ್ತದೆ. ಕೊಂಕಣ ರೈಲ್ವೆಯನ್ನು ಕಟ್ಟಿದ್ದು ಬಹುಪಾಲು ಸಾಲದ ಹಣದಲ್ಲಿ. ಆ ಖರ್ಚು ತುಂಬಿಸಲು ಅದರ ಭಾಗದ ದೂರವನ್ನು 40 ಶೇಕಡಾ ಹೆಚ್ಚಿಸಿ ದರ ಹಾಕುತ್ತಾರೆ. ಅಷ್ಟೇ ದೂರದ ಬೇರೆ ಊರಿಗಿಂತ ನಮ್ಮೂರಿನ ಟಿಕೆಟ್ ತುಟ್ಟಿ ಅನ್ನಿಸುವುದು ಇದಕ್ಕೇ.

## ವೇಟಿಂಗ್ ನಂಬರಿಗಿಂತ ಅದರ ಮುಂದಿನ ಅಕ್ಷರ ಮುಖ್ಯ

"ವೇಟಿಂಗ್ 14 ಇದೆ, ಆಗುತ್ತೆ ಬಿಡಿ" ಅನ್ನುತ್ತಾರೆ. ಆಗಬಹುದು, ಆಗದೆಯೂ ಇರಬಹುದು. ಯಾವ ವೇಟಿಂಗ್ ಅನ್ನುವುದನ್ನು ಮೊದಲು ನೋಡಬೇಕು.

ಒಂದು ರೈಲಿನ ಎಲ್ಲ ಸೀಟುಗಳೂ ಒಂದೇ ರಾಶಿಯಲ್ಲಿ ಇರುವುದಿಲ್ಲ. ರೈಲು ಹೊರಡುವ ಊರಿನಿಂದ ಕೊನೆಯ ಊರಿನ ತನಕ ಹೋಗುವವರಿಗೆ ದೊಡ್ಡ ಪಾಲು ಇರುತ್ತದೆ. ನಡುವಿನ ಊರುಗಳಿಗೆ ಸಣ್ಣ ಸಣ್ಣ ಪಾಲು. ಈ ಪಾಲಿಗೆ ಕೋಟಾ ಅನ್ನುತ್ತಾರೆ. ದೊಡ್ಡ ಪಾಲಿನ ಸರದಿ ಜಿಎನ್‌ಡಬ್ಲ್ಯುಎಲ್. ಇಲ್ಲಿ ಸೀಟು ಜಾಸ್ತಿ, ರದ್ದು ಮಾಡುವವರೂ ಜಾಸ್ತಿ, ಹಾಗಾಗಿ ಸರದಿ ಬೇಗ ಕರಗುತ್ತದೆ. ನಡುವಿನ ಊರುಗಳ ಕೂಡುಪಾಲಿನ ಸರದಿ ಪಿಕ್ಯುಡಬ್ಲ್ಯುಎಲ್. ನಡುದಾರಿಯ ಕೆಲವು ದೊಡ್ಡ ಸ್ಟೇಶನ್‌ಗಳಿಗೆ ಇಟ್ಟ ಪಾಲಿನ ಸರದಿ ಆರ್‌ಎಲ್‌ಡಬ್ಲ್ಯುಎಲ್. ಈ ಎರಡರಲ್ಲೂ ಸೀಟೇ ಕಡಿಮೆ. ಇಲ್ಲಿನ 14ಕ್ಕಿಂತ ಜಿಎನ್‌ಡಬ್ಲ್ಯುಎಲ್‌ನ 40 ಮೊದಲು ಕನ್ಫರ್ಮ್ ಆಗುವುದು ಸಾಮಾನ್ಯ.

ಇದರಲ್ಲಿ ಒಂದು ಉಪಾಯ ಇದೆ. ಇಳಿಯುವುದು ಉಡುಪಿಯಲ್ಲೇ ಆದರೂ ಮಂಗಳೂರಿನ ತನಕ ಟಿಕೆಟ್ ಹುಡುಕಿ ನೋಡಿ. ಹಲವು ಸಲ ಉಡುಪಿಗೆ ಪಿಕ್ಯುಡಬ್ಲ್ಯುಎಲ್ ತೋರಿಸುವ ರೈಲು ಕೊನೆಯ ಸ್ಟೇಶನ್ನಿಗೆ ಜಿಎನ್‌ಡಬ್ಲ್ಯುಎಲ್ ತೋರಿಸುತ್ತದೆ, ಅಥವಾ ಸೀಟೇ ಖಾಲಿ ಇರುತ್ತದೆ. ದರದ ವ್ಯತ್ಯಾಸ ಸ್ವಲ್ಪ. ಇಂದ್ರಾಳಿಯಲ್ಲಿ, ಅಂದರೆ ಉಡುಪಿ ಸ್ಟೇಶನ್ನಿನಲ್ಲಿ, ಇಳಿದುಬಿಟ್ಟರೆ ಯಾರೂ ಕೇಳುವುದಿಲ್ಲ, ಉಳಿದ ದೂರದ ಹಣ ವಾಪಸ್ ಬರುವುದಿಲ್ಲ ಅಷ್ಟೇ. ಹತ್ತುವ ಕಡೆ ಮಾತ್ರ ಹೀಗೆ ಮಾಡಬೇಡಿ. ಕುರ್ಲಾದಿಂದ ಟಿಕೆಟ್ ತೆಗೆದು ಪನ್ವೇಲ್‌ನಲ್ಲಿ ಹತ್ತುವುದಾದರೆ ಬೋರ್ಡಿಂಗ್ ಸ್ಟೇಶನ್ನನ್ನು ಮೊದಲೇ ಬದಲಿಸಿ. ಇಲ್ಲದಿದ್ದರೆ ನೀವು ಬರಲಿಲ್ಲ ಅಂತ ಬರ್ತ್ ಬೇರೆಯವರಿಗೆ ಹೋಗಬಹುದು.

ಆರ್‌ಎಸಿ ಅಂದರೆ ಹತ್ತಲು ಬಿಡುತ್ತಾರೆ, ಆದರೆ ಸೈಡ್ ಲೋವರ್ ಬರ್ತ್ ಒಂದನ್ನು ಇಬ್ಬರು ಹಂಚಿಕೊಂಡು ಕೂರಬೇಕು. ದಾರಿಯಲ್ಲಿ ಬರ್ತ್ ಖಾಲಿಯಾದರೆ ಮೊದಲು ಇವರಿಗೇ ಸಿಗುತ್ತದೆ. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ (ಯಾರಿಗೆ ಯಾವ ಸೀಟು ಅನ್ನುವ ಪಟ್ಟಿ) ಆಗುವ ಹೊತ್ತಿಗೂ ವೇಟಿಂಗ್‌ನಲ್ಲೇ ಉಳಿದರೆ ತನ್ನಷ್ಟಕ್ಕೇ ರದ್ದಾಗಿ, ಸಣ್ಣ ಮೊತ್ತ ಕಳೆದು ಹಣ ಖಾತೆಗೆ ಬರುತ್ತದೆ. ಅದನ್ನು ಹಿಡಿದುಕೊಂಡು ರಿಸರ್ವೇಶನ್ ಬೋಗಿಗೆ ಹತ್ತುವ ಹಾಗಿಲ್ಲ. ಹಿಂದೆ ಚಾರ್ಟ್ ಆಗುತ್ತಿದ್ದುದು ರೈಲು ಹೊರಡುವ ನಾಲ್ಕು ಗಂಟೆ ಮೊದಲು. 2025ರಿಂದ ಅದನ್ನು ಇನ್ನೂ ಬೇಗ ಮಾಡುತ್ತಿದ್ದಾರೆ. ಸೀಟು ಸಿಗದವರಿಗೆ ಬೇರೆ ದಾರಿ ಹುಡುಕಲು ಸ್ವಲ್ಪ ಹೊತ್ತು ಸಿಕ್ಕಿದಂತಾಯಿತು.

## ಬುಕಿಂಗ್ ಯಾವ ದಿನ ತೆರೆಯುತ್ತದೆ

ಮೊದಲು 120 ದಿನ ಮುಂಚೆ ಟಿಕೆಟ್ ತೆಗೆಯಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. ಹೋಗುವ ದಿನವನ್ನು ಇದರಲ್ಲಿ ಎಣಿಸುವುದಿಲ್ಲ. ಸೆಪ್ಟೆಂಬರ್ 11ರ ಶುಕ್ರವಾರ ಹೊರಡುವುದಾದರೆ ಜುಲೈ 13ರ ಸೋಮವಾರ ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರದವರು ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಆಧಾರ್ ಇಲ್ಲದ ಖಾತೆಗೆ ಟಿಕೆಟ್ ಕೊಡುವುದಿಲ್ಲ.

ದಿನ ಎಣಿಸುವುದು ರೈಲು ಮೊದಲ ಸ್ಟೇಶನ್ನಿಂದ ಹೊರಡುವ ತಾರೀಖಿನಿಂದ. ಇದು ಪಶ್ಚಿಮ ಉಪನಗರದವರಿಗೆ ಮುಖ್ಯ. ಗುಜರಾತ್, ರಾಜಸ್ಥಾನದಿಂದ ಕೊಂಕಣದ ಮೇಲೆ ಕೇರಳಕ್ಕೆ ಹೋಗುವ ಕೆಲವು ರೈಲುಗಳು ವಸಾಯಿ ರೋಡ್ ಮತ್ತು ಪನ್ವೇಲ್‌ನಲ್ಲಿ ನಿಲ್ಲುತ್ತವೆ. ವಿರಾರ್, ಮೀರಾ ರೋಡಿನವರಿಗೆ ಕುರ್ಲಾಕ್ಕೆ ಹೋಗುವುದಕ್ಕಿಂತ ವಸಾಯಿಯೇ ಸುಲಭ. ಅಂಥ ರೈಲು ಹಿಂದಿನ ದಿನವೇ ಹೊರಟು ಬರುವುದಾದರೆ ನಿಮಗೆ ಬುಕಿಂಗ್ ಕೂಡ ಒಂದು ದಿನ ಮೊದಲೇ ತೆರೆದಿರುತ್ತದೆ. ಆದರೆ ವಸಾಯಿ ಅವಕ್ಕೆ ನಡುವಿನ ಸ್ಟೇಶನ್, ಕೋಟಾ ಚಿಕ್ಕದು.

ಕೊನೆಯ ಗಳಿಗೆಯವರಿಗೆ ಇಟ್ಟ ತತ್ಕಾಲ್ ಟಿಕೆಟ್ ತೆರೆಯುವುದು ರೈಲು ಹೊರಡುವ ಹಿಂದಿನ ದಿನ. ಎಸಿಗೆ ಬೆಳಗ್ಗೆ 10, ಸ್ಲೀಪರಿಗೆ 11. 2025ರ ಜುಲೈಯಿಂದ ಇದಕ್ಕೂ ಆಧಾರ್ ಒಟಿಪಿ ಬೇಕು, ಮೊದಲ ಅರ್ಧ ಗಂಟೆ ಏಜೆಂಟರಿಗೆ ಅವಕಾಶ ಇಲ್ಲ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ ಇಲ್ಲ. ಚೌತಿಯ ವಾರದಲ್ಲಿ ತತ್ಕಾಲ್ ನಂಬಿಕೊಂಡು ಕೂರುವುದು ನನ್ನ ಪ್ರಕಾರ ಜೂಜು. ಕೊಂಕಣದ ಮರಾಠಿ ಮನೆಗಳವರೂ ಅದೇ ದಿನ, ಅದೇ ಹಳಿಯಲ್ಲಿ ಊರಿಗೆ ಹೊರಟಿರುತ್ತಾರೆ.

## ಬಸ್ಸು ಹೋಗುವ ದಾರಿ

ಕರಾವಳಿಗೆ ಹೋಗುವ ಬಸ್ ಕರಾವಳಿಯಲ್ಲೇ ಹೋಗುತ್ತದೆ ಅಂದುಕೊಂಡವರು ತುಂಬಾ ಜನ. ಹೆಚ್ಚಿನ ಖಾಸಗಿ ಸ್ಲೀಪರ್ ಬಸ್ಸುಗಳು ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ ಬಂದು, ಯಲ್ಲಾಪುರದ ಮುಂದೆ ಅರಬೈಲು ಘಟ್ಟ ಇಳಿದು ಅಂಕೋಲಾ ಸೇರುತ್ತವೆ. ಪನ್ವೇಲ್‌ನಿಂದ ಗೋವಾದ ಕಡೆಗೆ ನೇರ ಹೋಗುವ ಹೆದ್ದಾರಿ 66ರ ಅಗಲೀಕರಣ 2011ರಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಪುಣೆಯ ದಾರಿ ಉದ್ದವಾದರೂ ರಸ್ತೆ ಅಗಲ.

ಈ ದಾರಿ ಗೊತ್ತಿದ್ದರೆ ಲಾಭ ಇದೆ. ಅಂಕೋಲಾದಿಂದ ಬಸ್ ದಕ್ಷಿಣಕ್ಕೆ ತಿರುಗುತ್ತದೆ. ಹಾಗಾಗಿ ಕುಮಟಾ, ಹೊನ್ನಾವರ, ಭಟ್ಕಳದವರು ಮೊದಲು ಇಳಿಯುತ್ತಾರೆ, ಮಂಗಳೂರಿನವರು ಕೊನೆಗೆ. ಕಾರವಾರ ಅಂಕೋಲಾದ ಉತ್ತರಕ್ಕಿದೆ, ಅಲ್ಲಿಯವರಿಗೆ ಈ ಬಸ್ಸು ಹೊಂದುವುದಿಲ್ಲ. ಮರವಂತೆ, ಹೆಮ್ಮಾಡಿ, ಕೋಟ, ಸಾಲಿಗ್ರಾಮ, ಬ್ರಹ್ಮಾವರದಂಥ ಹೆದ್ದಾರಿ ಬದಿಯ ಊರುಗಳವರಿಗೆ ಬಸ್ಸಿನಷ್ಟು ಸುಲಭ ಬೇರೊಂದಿಲ್ಲ. ರೈಲು ಇಳಿದು ಮೂಡ್ಲಕಟ್ಟೆಯ ಕುಂದಾಪುರ ಸ್ಟೇಶನ್ನಿನಲ್ಲಿ ನಸುಕಿಗೆ ಆಟೋದವರ ಜೊತೆ ಚೌಕಾಸಿ ಮಾಡುವುದು ತಪ್ಪುತ್ತದೆ.

ಮುಂಬೈಯ ಒಳಗೆ ಲೆಕ್ಕ ಉಲ್ಟಾ. ಬಸ್ ಬೊರಿವಲಿಯಿಂದ ಹೊರಟು ಅಂಧೇರಿ, ಸಯನ್, ಚೆಂಬೂರು, ವಾಶಿ ಅಂತ ಜನ ತುಂಬಿಸಿಕೊಳ್ಳುತ್ತಾ ಬರುತ್ತದೆ. ಬೊರಿವಲಿಯಲ್ಲಿ ಹತ್ತಿದವರು ಪನ್ವೇಲ್ ದಾಟುವ ಹೊತ್ತಿಗೆ ಎರಡು ಮೂರು ಗಂಟೆ ಆಗಿಹೋಗಿರುತ್ತದೆ. ಒಟ್ಟು 16ರಿಂದ 18 ಗಂಟೆ ಹಿಡಿಯುತ್ತದೆ ಅಂದುಕೊಂಡೇ ಹತ್ತಿ. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವವರು ಹಿಂದಿನ ಸಾಲಿನ ಮೇಲಿನ ಬರ್ತ್ ತೆಗೆದುಕೊಳ್ಳಬೇಡಿ. ಅತಿ ಹೆಚ್ಚು ಕುಲುಕುವುದು ಅದೇ.

ಹಬ್ಬದಲ್ಲಿ ಖಾಸಗಿ ಬಸ್ಸಿನ ದರ ಏರುತ್ತದೆ. ಇದಕ್ಕೆ ಮಿತಿ ಇಲ್ಲವೆಂದಲ್ಲ. ಸರ್ಕಾರಿ ಎಸ್‌ಟಿ ಬಸ್ಸಿನ ದರದ ಒಂದೂವರೆ ಪಟ್ಟಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ಮಹಾರಾಷ್ಟ್ರ ಸರ್ಕಾರ 2018ರಲ್ಲೇ ಹೇಳಿದೆ.

ಕಾರಿನವರಿಗೆ ಎರಡೇ ಮಾತು. ಚೌತಿಯ ದಿನಗಳಲ್ಲಿ ಹೆದ್ದಾರಿ 66ರಲ್ಲಿ ಭಾರಿ ಲಾರಿಗಳನ್ನು ತಡೆಯುತ್ತಾರೆ, ಕೊಂಕಣಕ್ಕೆ ಹೋಗುವ ಗಣೇಶ ಭಕ್ತರ ವಾಹನಗಳಿಗೆ ಪಾಸ್ ಕೊಟ್ಟು ಟೋಲ್ ಬಿಡುತ್ತಾರೆ. 2025ರಲ್ಲಿ ಕೊಂಕಣ ರೈಲ್ವೆ ಕಾರನ್ನೇ ರೈಲಿಗೆ ಏರಿಸಿ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಒಯ್ಯುವ ಸೇವೆಯನ್ನೂ ಶುರು ಮಾಡಿತ್ತು, ಒಂದು ಕಾರಿಗೆ 7,875 ರೂಪಾಯಿ. ಕೋಲಾಡ್ ತನಕ ನೀವೇ ಓಡಿಸಿಕೊಂಡು ಹೋಗಬೇಕು.

## ವಿಮಾನದ ಬೆಲೆ ಯಾಕೆ ಗಂಟೆಗೊಂದು

ಒಂದೇ ವಿಮಾನದಲ್ಲಿ ಪಕ್ಕಪಕ್ಕ ಕೂತ ಇಬ್ಬರು ಒಂದೇ ಬೆಲೆ ಕೊಟ್ಟಿರುವುದಿಲ್ಲ. ಕಂಪನಿಯವರು ಸೀಟುಗಳನ್ನು ಹಲವು ಬೆಲೆಗಳಿಗೆ ಹಂಚಿ ಇಟ್ಟಿರುತ್ತಾರೆ. ಅಗ್ಗದವು ಮೊದಲು ಖಾಲಿ. ಆಮೇಲೆ ಮೇಲಿನ ಬೆಲೆ ತೆರೆಯುತ್ತದೆ. ಜನ ಹೆಚ್ಚು ಹುಡುಕುವ ದಿನಕ್ಕೆ ಅಗ್ಗದ ಸೀಟುಗಳನ್ನು ಮೊದಲಿಗೇ ಕಡಿಮೆ ಇಡುತ್ತಾರೆ. ನಾಲ್ಕು ಜನರಿಗೆ ಒಟ್ಟಿಗೆ ಹುಡುಕಿದಾಗ ಅಗ್ಗದ ಬೆಲೆಯಲ್ಲಿ ಮೂರೇ ಸೀಟು ಉಳಿದಿದ್ದರೆ ನಾಲ್ವರಿಗೂ ಮೇಲಿನ ಬೆಲೆ ತೋರಿಸಬಹುದು. ಅದಕ್ಕೆ ಒಬ್ಬರಿಗೆ ಹುಡುಕಿಯೂ ನೋಡಿ. ವ್ಯತ್ಯಾಸ ಇದ್ದರೆ ಎರಡು ಬುಕಿಂಗ್ ಮಾಡಬಹುದು.

ಸಾಮಾನ್ಯವಾಗಿ ಈ ಬೆಲೆಗೆ ಸರ್ಕಾರದ ಕಡಿವಾಣ ಇರುವುದಿಲ್ಲ. 2025ರ ಡಿಸೆಂಬರಿನಲ್ಲಿ ಸಾವಿರಾರು ವಿಮಾನಗಳು ರದ್ದಾಗಿ ಬೆಲೆ ಮಿತಿಮೀರಿದಾಗ ತಾತ್ಕಾಲಿಕ ಮಿತಿ ಹಾಕಿದ್ದರು. 500ರಿಂದ 1,000 ಕಿ.ಮೀ. ದೂರಕ್ಕೆ ಅದು 12,000 ರೂಪಾಯಿ. ಮುಂಬೈ ಮಂಗಳೂರು ಈ ಅಂತರದ ಒಳಗೇ ಬರುತ್ತದೆ.

ಟಿಕೆಟ್ಟಿನ ಮೂರು ಅಕ್ಷರ ಸರಿಯಾಗಿ ಓದಿ. 2025ರ ಡಿಸೆಂಬರ್ 25ರಿಂದ ಮುಂಬೈಗೆ ಎರಡು ಏರ್‌ಪೋರ್ಟ್. ಬಿಒಎಂ ಅಂದರೆ ಹಳೆಯದು, ಎನ್‌ಎಂಐ ಅಂದರೆ ನವಿ ಮುಂಬೈ. ವಾಶಿ, ಪನ್ವೇಲ್, ಡೊಂಬಿವಲಿಯವರಿಗೆ ಹೊಸದು ಹತ್ತಿರ, ಬೊರಿವಲಿಯವರಿಗೆ ದೂರ. ಗೋವಾದಲ್ಲೂ ಎರಡು. ಜಿಒಐ ದಾಬೋಲಿಮ್, ಜಿಒಎಕ್ಸ್ ಉತ್ತರದ ಮೋಪಾ. ಕಾರವಾರದ ಕಡೆ ಹೋಗುವವರು ದಾಬೋಲಿಮ್ ಹಿಡಿಯಬೇಕು, ಮೋಪಾದಲ್ಲಿ ಇಳಿದರೆ ಪೂರ್ತಿ ಗೋವಾ ದಾಟಬೇಕು.

ಮಂಗಳೂರಿನ ರನ್‌ವೇ ಗುಡ್ಡದ ತುದಿಯನ್ನು ಸಮ ಮಾಡಿ ಕಟ್ಟಿದ್ದು. ಮಳೆ, ಮೋಡಕ್ಕೆ ರನ್‌ವೇ ಕಾಣದಿದ್ದರೆ ವಿಮಾನ ಬೆಂಗಳೂರು ಇಲ್ಲವೇ ಬೇರೆ ಊರಿಗೆ ತಿರುಗುವುದುಂಟು. ಇನ್ನು ಲಗೇಜು. ಸಾಮಾನ್ಯ ಟಿಕೆಟ್ಟಿಗೆ ಒಳಗೆ 7 ಕಿಲೋ, ಕೆಳಗೆ 15 ಕಿಲೋ. ವಾಪಸ್ ಬರುವಾಗ ಅಮ್ಮ ಕಟ್ಟಿಕೊಡುವ ಕುಚ್ಚಲಕ್ಕಿಗೇ ಅದು ಸಾಲುವುದಿಲ್ಲ. ಒಣ ಕೊಬ್ಬರಿಯಂತೂ ಚೆಕ್-ಇನ್ ಬ್ಯಾಗಿನಲ್ಲಿ ಹಾಕಲು ಬಿಡುವುದೇ ಇಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅನ್ನುವುದು ಕಾರಣ.

## ಎರಡು ವಂದೇ ಭಾರತ್ ಜೋಡಿಸಿದರೆ

ಮುಂಬೈ ಮಡಗಾಂವ್ ವಂದೇ ಭಾರತ್ 2023ರ ಜೂನಿನಲ್ಲಿ, ಮಂಗಳೂರು ಮಡಗಾಂವ್ ಅದೇ ವರ್ಷ ಡಿಸೆಂಬರಿನಲ್ಲಿ ಶುರುವಾದವು. ಮೊದಲನೆಯದು ನಸುಕಿನಲ್ಲಿ ಸಿಎಸ್‌ಎಂಟಿಯಿಂದ ಹೊರಟು ಬೇಸಿಗೆಯಲ್ಲಾದರೆ ಎಂಟು ಗಂಟೆಯೊಳಗೆ ಮಡಗಾಂವ್ ಸೇರುತ್ತದೆ. ಎರಡನೆಯದು ಅಲ್ಲಿಂದ ಸಂಜೆ 6 ದಾಟಿದ ಮೇಲೆ ಹೊರಟು ಕಾರವಾರ, ಉಡುಪಿ ಮೇಲೆ ರಾತ್ರಿ ಮಂಗಳೂರಿಗೆ. ಮಲಗುವ ವ್ಯವಸ್ಥೆ ಇಲ್ಲ, ಕೂತೇ ಹೋಗಬೇಕು. ಮಳೆಗಾಲದಲ್ಲಿ ಮೊದಲನೆಯದಕ್ಕೆ ಅದರ ಮೇಲೆ ಇನ್ನೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬೇಕು, ಹಿಂದಿನ ಮಳೆಗಾಲಗಳಲ್ಲಿ ವಾರಕ್ಕೆ ಮೂರೇ ದಿನ ಓಡಿದೆ. ಎರಡೂ ಓಡುವ ದಿನ ಹೊಂದಿದರೆ ಮಾತ್ರ ಇದು ದಾರಿ. ನಡುವೆ ಮಡಗಾಂವಿನಲ್ಲಿ ಊಟಕ್ಕೆ ಹೊತ್ತು ಧಾರಾಳ.

## ಹುಬ್ಬಳ್ಳಿ, ಕಲಬುರಗಿ ಕಡೆಗೆ

ಘಟ್ಟದ ಮೇಲಿನವರ ಲೆಕ್ಕ ಸರಳ. ಬೆಳಗಾವಿ, ಹುಬ್ಬಳ್ಳಿಗೆ ರೈಲು ಪುಣೆ, ಮೀರಜ್ ಮೇಲೆ ಹೋಗುತ್ತದೆ, ಕೊಂಕಣದ ಮಳೆಯ ತಾಪತ್ರಯ ಇಲ್ಲ. ರಸ್ತೆಯೂ ಚೆನ್ನಾಗಿರುವುದರಿಂದ ರಾತ್ರಿ ಬಸ್ಸು ರೈಲಿಗೆ ಸರಿಸಾಟಿ. ಪುಣೆಯಿಂದ ಹುಬ್ಬಳ್ಳಿಗೆ 2024ರ ಸೆಪ್ಟೆಂಬರಿನಿಂದ ವಾರಕ್ಕೆ ಮೂರು ದಿನ ವಂದೇ ಭಾರತ್ ಕೂಡ ಇದೆ. ಕಲಬುರಗಿ, ರಾಯಚೂರಿಗೆ ಸೊಲ್ಲಾಪುರದ ದಾರಿ. ಉದ್ಯಾನ್ ಎಕ್ಸ್‌ಪ್ರೆಸ್ ಅದರಲ್ಲೇ ಬೆಂಗಳೂರಿಗೆ ಹೋಗುತ್ತದೆ.

## ವಾಪಸ್ ಟಿಕೆಟ್

ಹೋಗುವ ಟಿಕೆಟ್ ಸಿಕ್ಕಿದ ಖುಷಿಯಲ್ಲಿ ಬಹಳ ಮನೆಗಳಲ್ಲಿ ಮರೆತುಹೋಗುವುದು ಇದೇ. ವಾಪಸ್ ಟಿಕೆಟ್ ಅದೇ ದಿನ ಸಿಗುವುದಿಲ್ಲ, ಅದಕ್ಕೆ ಅದರದೇ 60 ದಿನ. ಸೆಪ್ಟೆಂಬರ್ 20ರ ಭಾನುವಾರ ಊರಿಂದ ಹೊರಡುವುದಾದರೆ ಜುಲೈ 22ರ ಬೆಳಗ್ಗೆ 8ಕ್ಕೆ ಮತ್ತೆ ಫೋನ್ ಹಿಡಿದು ಕೂರಬೇಕು. ಉಡುಪಿ, ಕುಂದಾಪುರ ಈ ಸಲ ಹತ್ತುವ ಕಡೆಯ ನಡು ಸ್ಟೇಶನ್‌ಗಳು, ಹಾಗಾಗಿ ಕೋಟಾ ಚಿಕ್ಕದು. ಅಲ್ಲಿಂದ ಸಿಗದಿದ್ದರೆ ಮಂಗಳೂರು ಸೆಂಟ್ರಲ್‌ನಿಂದಲೇ ಟಿಕೆಟ್ ತೆಗೆದು, ಬೋರ್ಡಿಂಗ್ ಸ್ಟೇಶನ್ ಉಡುಪಿ ಅಂತ ಬದಲಿಸಿ.